ಕಿವಿಗೆ ಬಿದ್ದ ಹಾಡು, ಕಿವಿಗೊಟ್ಟ ಹಾಡು

(ಗದಗದ ಒಂದು ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಾತಾಡಿದ್ದನ್ನು ಆಮೇಲೆ ಕೂತು ಬರೆದದ್ದು. ಮಾತಾಡುವಾಗ ದಾರಿ ತಪ್ಪಿದ ಕಡೆ ಸ್ವಲ್ಪ ರಿಪೇರಿ ಮಾಡಿದ್ದೇನೆ. ಪೂರ್ತಿ ಮಾಡಿಲ್ಲ.)

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿಮಗೆ ನಿರಾಸೆ ಆಗಬಾರದು. ನನಗೆ ಹಾಡೋಕೆ ಬರಲ್ಲ. ವಿನಯಕ್ಕೆ ಹೇಳ್ತಿಲ್ಲ, ನಿಜವಾಗಿಯೂ ಬರಲ್ಲ. ಐದನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ಕ್ಕೆ ಗುಂಪು ಗಾಯನ ಅಂತ ಹದಿನೈದು ಹುಡುಗರನ್ನು ಸಾಲಾಗಿ ನಿಲ್ಲಿಸಿ ತಾಲೀಮು ಮಾಡಿಸುತ್ತಿದ್ದರು. ಮಾಸ್ತರು ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ಇಟ್ಟು ಕೇಳುತ್ತಾ ಬಂದು, ನನ್ನ ಮುಂದೆ ಒಂದು ಕ್ಷಣ ನಿಂತು, "ನೀ ಬರೇ ಬಾಯಿ ಆಡಸು, ದನಿ ತಗೀಬ್ಯಾಡ" ಅಂದರು. ಬೈಲಿಲ್ಲ, ಹೊಡೀಲಿಲ್ಲ. ಬಹಳ ಸಮಾಧಾನದಿಂದಲೇ ಹೇಳಿದರು. ಈಗ ನನಗೆ ಐವತ್ತು ದಾಟಿದೆ, ಮನೆಯಲ್ಲಿ ಆರತಿ ಮಾಡುವಾಗಲೂ ನಾನು ಬರೇ ಬಾಯಿ ಆಡಿಸುತ್ತೇನೆ. ಬಾಲ್ಯದ ಸಂಗೀತ ನಮ್ಮನ್ನು ಹೇಗೆ ರೂಪಿಸುತ್ತೆ ಅನ್ನೋದು ಇವತ್ತಿನ ವಿಷಯ ಅಲ್ವಾ? ಹೀಗೂ ರೂಪಿಸುತ್ತೆ.

ಹಾಗಾಗಿ ನಾನು ಮಾತಾಡುವುದು ಕೇಳಿದವನಾಗಿ, ಹಾಡಿದವನಾಗಿ ಅಲ್ಲ. ಹೊಟ್ಟೆಪಾಡಿಗೆ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಆದ್ದರಿಂದ ಮಧ್ಯೆ ಮಧ್ಯೆ ಕೆಲವು ಪ್ರಯೋಗಗಳ ಕತೆ ಬರುತ್ತೆ, ಸಹಿಸಿಕೊಳ್ಳಿ.

ನಮ್ಮ ಮನೆ ಬೆಟಗೇರಿಯಲ್ಲಿತ್ತು. ನೇಕಾರರ ಮನೆ. ನಡುಮನೆಯಲ್ಲೇ ಕೈಮಗ್ಗ. ಅಪ್ಪ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತನೆಂದರೆ ಊಟಕ್ಕೇ ಏಳುತ್ತಿದ್ದದ್ದು. ಲಾಳಿ ಆ ಕಡೆಯಿಂದ ಈ ಕಡೆಗೆ ಓಡುವಾಗ ಒಂದು ಸದ್ದು. ಎಳೆಯನ್ನು ಬಡಿದು ಕೂಡಿಸುವಾಗ ಇನ್ನೊಂದು, ಸ್ವಲ್ಪ ದಪ್ಪನೆಯ ಸದ್ದು. ಕೆಳಗೆ ಕಾಲು ಬದಲಾಯಿಸುವಾಗ ಕಿರ್ ಅಂತ ಮೂರನೆಯದು. ಅವ್ವ ಪಕ್ಕದಲ್ಲೇ ಕೂತು ರಾಟಿ ತಿರುವುತ್ತ ಕಂಡಿಕೆ ಸುತ್ತುತ್ತಿದ್ದಳು. ರಾಟಿ ಗುಂಯ್ ಅಂತ ಒಂದೇ ಸಮನೆ ಶ್ರುತಿ ಹಿಡಿದ ಹಾಗೆ. ಅದರ ಮೇಲೆ ಅವಳು ಏನೋ ಗುನುಗುತ್ತಿದ್ದಳು. ಪದಗಳು ಪೂರ್ತಿ ಕೇಳುತ್ತಿರಲಿಲ್ಲ, ಎಳೆ ಸಿಕ್ಕಾದಾಗ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು, ಸಿಕ್ಕು ಬಿಡಿಸಿದ ಮೇಲೆ ನಿಂತಲ್ಲಿಂದ ಮುಂದುವರಿಯುತ್ತಿತ್ತು. ಆ ಹಾಡುಗಳು ಪೂರ್ತಿ ಹೇಗಿದ್ದವು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮಟ್ಟಿಗೆ ಅವು ನಡುನಡುವೆ ಹರಿದ ಹಾಡುಗಳೇ.

ನಾವು ಮಕ್ಕಳು ಅಲ್ಲೇ ಮಗ್ಗದ ಬದಿಗೆ ಮಲಗುತ್ತಿದ್ದೆವು. ಮಗ್ಗ ನಡೆಯುವಾಗ ನಿದ್ದೆ ಬರುತ್ತಿತ್ತು. ಮಗ್ಗ ನಿಂತರೆ ಎಚ್ಚರ ಆಗುತ್ತಿತ್ತು! ನಿಂತಿತೆಂದರೆ ಎಲ್ಲೋ ಎಳೆ ಹರಿದಿದೆ ಅಂತ ಅರ್ಥ. ಅಪ್ಪ ಗೊಣಗುತ್ತಾ ಎಳೆ ಹುಡುಕಿ ಗಂಟು ಹಾಕುವವರೆಗೂ ನಾನು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದೆ. ಮತ್ತೆ ಸದ್ದು ಶುರುವಾದರೆ ಕಣ್ಣು ಮುಚ್ಚುತ್ತಿತ್ತು. ಈಗ ಬೆಂಗಳೂರಿನ ಫ್ಲಾಟಿನಲ್ಲಿ ಫ್ಯಾನು ಟಕ್ ಟಕ್ ಅಂತ ಸದ್ದು ಮಾಡುತ್ತೆ, ರಿಪೇರಿ ಮಾಡಿಸಿ ಅಂತ ಹೆಂಡತಿ ಎರಡು ವರ್ಷದಿಂದ ಹೇಳ್ತಿದ್ದಾಳೆ. ನಾನು ಮಾಡಿಸಿಲ್ಲ. ಸೋಮಾರಿತನ ಅಂದುಕೊಂಡಿದ್ದಾಳೆ.

ಕನ್ನಡದಲ್ಲಿ ಎರಡು ಮಾತಿವೆ: ಕಿವಿಗೆ ಬೀಳುವುದು ಮತ್ತು ಕಿವಿಗೊಡುವುದು. ಕಿವಿಗೊಡುವುದು ನಾವು ಬೇಕಂತಲೇ ಮಾಡುವ ಕೆಲಸ. ಟಿಕೆಟ್ ತಗೊಂಡು ಕಚೇರಿಗೆ ಹೋಗಿ ಕೂತರೆ ಕಿವಿಗೊಡುತ್ತೇವೆ. ಕಿವಿಗೆ ಬೀಳುವುದಕ್ಕೆ ನಮ್ಮ ಅಪ್ಪಣೆ ಬೇಡ. ಮಣ್ಣಲ್ಲಿ ಆಡುವಾಗ, ಜ್ವರ ಬಂದು ಮಲಗಿದಾಗ, ಅವ್ವನಿಂದ ಪೆಟ್ಟು ತಿಂದು ಮೂಲೆಯಲ್ಲಿ ಬಿಕ್ಕುವಾಗ ಅದರಷ್ಟಕ್ಕೆ ಅದು ಬೀಳುತ್ತಾ ಇರುತ್ತೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ: ನಮ್ಮನ್ನು ಮಾಡಿದ್ದು ಜಾಸ್ತಿ ಈ ಕಿವಿಗೆ ಬಿದ್ದದ್ದು. ತಂದೆತಾಯಿ ಫೀಸು ಕಟ್ಟಿ ಕೇಳಿಸಿದ್ದು, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದು ಎಲ್ಲ ಆಮೇಲೆ.

ಇದು ಎಷ್ಟು ಬೇಗ ಶುರುವಾಗುತ್ತೆ ಗೊತ್ತಾ? ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಅನ್ನುವ ಸಂಶೋಧಕರು 1980ರ ದಶಕದ ಕೊನೆಯಲ್ಲಿ ಒಂದು ತಮಾಷೆಯ ಕೆಲಸ ಮಾಡಿದರು. ಆಗ ಅಲ್ಲಿ ಒಂದು ಟೀವಿ ಧಾರಾವಾಹಿ ಬಹಳ ಜನಪ್ರಿಯ. ಬಸುರಿಯಾಗಿದ್ದಾಗ ಅದನ್ನು ತಪ್ಪದೆ ನೋಡುತ್ತಿದ್ದ ತಾಯಂದಿರ ಮಕ್ಕಳಿಗೆ, ಹುಟ್ಟಿದ ಎರಡು ಮೂರು ದಿನದಲ್ಲೇ ಆ ಧಾರಾವಾಹಿಯ ಶುರುವಿನ ಟ್ಯೂನ್ ಕೇಳಿಸಿದರು. ಮಕ್ಕಳು ಕೈಕಾಲು ಆಡಿಸುವುದನ್ನು ನಿಲ್ಲಿಸಿ ಗಮನ ಕೊಟ್ಟವು, ಎದೆಬಡಿತ ನಿಧಾನ ಆಯಿತು. ಧಾರಾವಾಹಿ ನೋಡದ ತಾಯಂದಿರ ಮಕ್ಕಳಲ್ಲಿ ಹಾಗೆ ಆಗಲಿಲ್ಲ. ಹೊಟ್ಟೆಯೊಳಗಿದ್ದ ಮಗುವಿಗೆ ಯಾರೂ ಅದನ್ನು ಬೇಕಂತ ಕೇಳಿಸಿರಲಿಲ್ಲ, ಅಮ್ಮ ಸೋಫಾದ ಮೇಲೆ ಕಾಲು ಚಾಚಿ ಟೀವಿ ನೋಡುತ್ತಿದ್ದಳು ಅಷ್ಟೇ. ಆದರೆ ಪೂರ್ತಿ ಹೇಳದಿದ್ದರೆ ಮೋಸ ಆಗುತ್ತೆ: ಮೂರು ವಾರದ ಹೊತ್ತಿಗೆ ಆ ಗುರುತು ಕಾಣಲಿಲ್ಲ. ಮತ್ತೆ ಮತ್ತೆ ಬೀಳದಿದ್ದರೆ ಅಳಿಸಿಹೋಗುತ್ತೆ.

ಇದೇ ಜಾಗದಲ್ಲಿ ಕೆಲವರು ಗರ್ಭಿಣಿಯರಿಗೆ ಸಿ.ಡಿ. ಮಾರುವುದಕ್ಕೆ ಬರುತ್ತಾರೆ. ಹುಷಾರು. ಮೊಜಾರ್ಟ್ ಕೇಳಿಸಿದರೆ ಮಗು ಜಾಣ ಆಗುತ್ತೆ ಅನ್ನುವ ಮಾತು ಹುಟ್ಟಿದ್ದು 1993ರ ಒಂದು ಸಣ್ಣ ಪ್ರಯೋಗದಿಂದ. ಅದರಲ್ಲಿ ಇದ್ದವರು 36 ಕಾಲೇಜು ವಿದ್ಯಾರ್ಥಿಗಳು. ಮಕ್ಕಳು ಒಬ್ಬರೂ ಇರಲಿಲ್ಲ! ಕಾಗದ ಮಡಚಿ ಕತ್ತರಿಸಿದರೆ ಹೇಗೆ ಕಾಣುತ್ತೆ ಅನ್ನುವಂಥ ಲೆಕ್ಕಗಳಲ್ಲಿ ಅವರಿಗೆ ಸ್ವಲ್ಪ ಅನುಕೂಲ ಆಯಿತು, ಅದೂ ಹತ್ತು ಹದಿನೈದು ನಿಮಿಷ. ಅಷ್ಟಕ್ಕೇ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರು 1998ರಲ್ಲಿ, ಹುಟ್ಟುವ ಪ್ರತಿ ಮಗುವಿಗೂ ಒಂದು ಸಂಗೀತದ ಸಿ.ಡಿ. ಕೊಡೋಣ ಅಂತ ಬಜೆಟ್ಟಿನಲ್ಲಿ ದುಡ್ಡು ಕೇಳಿದರು. ನಮ್ಮಲ್ಲಿ ಮೊಜಾರ್ಟ್ ಬದಲು ವೀಣೆ, ಕೊಳಲು ಬಂದಿವೆ. ವೀಣೆ ಕೇಳಿ, ಒಳ್ಳೆಯದೇ, ಮಾರ್ಕ್ಸಿಗಾಗಿ ಕೇಳಬೇಡಿ.

ನನಗೆ ಜಾಸ್ತಿ ಇಷ್ಟ ಆದದ್ದು 2016ರ ಇನ್ನೊಂದು ಪ್ರಯೋಗ. ಸ್ಯಾಮ್ಯುಯೆಲ್ ಮೆಹರ್ ಮತ್ತು ಜೊತೆಗಾರರು ಮಾಡಿದ್ದು. ಐದು ತಿಂಗಳ ಮಕ್ಕಳು. ತಂದೆತಾಯಿಗೆ ಒಂದು ಹೊಸ ಹಾಡು ಕಲಿಸಿ, ಒಂದೆರಡು ವಾರ ಮನೆಯಲ್ಲಿ ಮಗುವಿಗೆ ಹಾಡಿ ಅಂದರು. ಬೇರೆ ಕೆಲವು ಮಕ್ಕಳಿಗೆ ಅದೇ ಹಾಡನ್ನು ಹಾಡುವ ಒಂದು ಬೊಂಬೆ ಕೊಟ್ಟರು. ಆಮೇಲೆ ಮಕ್ಕಳ ಮುಂದೆ ಇಬ್ಬರು ಅಪರಿಚಿತರ ವಿಡಿಯೊ. ಒಬ್ಬರು ಗೊತ್ತಿರುವ ಹಾಡು ಹಾಡಿದರು, ಇನ್ನೊಬ್ಬರು ಗೊತ್ತಿಲ್ಲದ್ದು. ಹಾಡು ಮುಗಿದ ಮೇಲೆ ಇಬ್ಬರೂ ಸುಮ್ನೆ ನಗುತ್ತಾ ಕೂತಾಗ ಮಗು ಯಾರನ್ನು ಹೆಚ್ಚು ಹೊತ್ತು ನೋಡುತ್ತೆ ಅಂತ ಅಳೆದರು. ಅಪ್ಪ ಅಮ್ಮನ ಬಾಯಿಂದ ಕೇಳಿದ ಮಕ್ಕಳು ತಮ್ಮ ಹಾಡು ಹಾಡಿದವರ ಕಡೆ ನೋಡಿದವು. ಬೊಂಬೆಯಿಂದ ಕೇಳಿದ ಮಕ್ಕಳಿಗೆ ಇಬ್ಬರೂ ಒಂದೇ. ಹಾಡು ಅದೇ, ರಾಗ ಅದೇ.

ಅಂದರೆ ಐದು ತಿಂಗಳಿಗೇ ಕೂಸಿಗೆ 'ಇವರು ನಮ್ಮವರು' ಅನ್ನೋ ಲೆಕ್ಕ ಶುರುವಾಗಿದೆ, ಮತ್ತು ಅದಕ್ಕೆ ಹಾಡು ಒಂದು ಗುರುತಿನ ಚೀಟಿ. ಪರವೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನಮ್ಮ ಕಡೆಯ ಧಾಟಿಯಲ್ಲಿ ಮಾತಾಡಿದರೆ ತಟ್ಟನೆ ಕುತ್ತಿಗೆ ತಿರುಗುತ್ತಲ್ಲ, ಅದೇ ಇದು.

ತಾಳದ ವಿಷಯ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ನನ್ನ ಕೋಣೆಗೆ ಕುಂದಾಪುರ ಕಡೆಯ ಹುಡುಗ ಬಂದ. ರಾತ್ರಿಯಿಡೀ ಯಕ್ಷಗಾನ ನೋಡಿ, ಅಲ್ಲೇ ಚಾಪೆಯ ಮೇಲೆ ಮಲಗಿ ಬೆಳೆದವನು. ಓದುವಾಗ ಅವನ ಬೆರಳು ಮೇಜಿನ ಮೇಲೆ ಏನೋ ಬಡಿಯುತ್ತಿರುತ್ತಿತ್ತು. ನಾನೂ ಜೊತೆಗೆ ಬಡಿಯಲು ಹೋದರೆ ಎಲ್ಲೋ ಒಂದು ಕಡೆ ಜಾರಿ ಬೀಳುತ್ತಿದ್ದೆ. ಒಂದು ದಿನ ಕೇಳಿದೆ, ಏನೋ ಅದು ಅಂತ. "ತ್ರಿವುಡೆ ಮಾರಾಯ, ಏಳು" ಅಂದ. ಏಳನ್ನು ಹೇಗೆ ಎಣಿಸ್ತೀಯ ಅಂದೆ. "ಎಣಿಸುದು ಯಾಕೆ?" ಅಂತ ನನ್ನನ್ನೇ ವಿಚಿತ್ರವಾಗಿ ನೋಡಿದ. ನನಗೆ ನಾಲ್ಕು ಸಲೀಸು, ಮೂರು ಸಲೀಸು. ಹಲಗೆಯ ಪೆಟ್ಟು, ಮಗ್ಗದ ಪೆಟ್ಟು ಕೇಳಿ ಬೆಳೆದವನಿಗೆ ಏಳು ಅಂದರೆ ಲೆಕ್ಕ. ಅವನಿಗೆ ಅದು ನಡಿಗೆ.

ಇದಕ್ಕೂ ಪ್ರಯೋಗ ಇದೆ, 2005ರದ್ದು. ಎರಿನ್ ಹ್ಯಾನನ್ ಮತ್ತು ಸ್ಯಾಂಡ್ರಾ ಟ್ರೆಹಬ್ ಅನ್ನುವ ಇಬ್ಬರು ಮಾಡಿದ್ದು. ಬಾಲ್ಕನ್ ನಾಡುಗಳ ಜಾನಪದದಲ್ಲಿ ನಮ್ಮ ಹಾಗೇ ಏಳು ಪೆಟ್ಟಿನ, ಸಮ ಅಲ್ಲದ ತಾಳಗಳಿವೆ. ಆ ಹಾಡುಗಳಲ್ಲಿ ಬೇಕಂತಲೇ ತಾಳ ತಪ್ಪಿಸಿ ಕೇಳಿಸಿದರು. ಉತ್ತರ ಅಮೆರಿಕದ ದೊಡ್ಡವರಿಗೆ ತಪ್ಪಿದ್ದು ಗೊತ್ತೇ ಆಗಲಿಲ್ಲ. ಬಾಲ್ಕನ್ ಮೂಲದವರಿಗೆ ಗೊತ್ತಾಯಿತು. ಆರು ತಿಂಗಳ ಅಮೆರಿಕನ್ ಮಕ್ಕಳಿಗೂ ಗೊತ್ತಾಯಿತು! ಒಂದು ವರ್ಷದ ಮಕ್ಕಳ ಹೊತ್ತಿಗೆ ಬಾಗಿಲು ಮುಚ್ಚುತ್ತಾ ಬಂದಿತ್ತು. ಆ ವಯಸ್ಸಿನ ಮಕ್ಕಳಿಗೆ ಎರಡು ವಾರ ಮನೆಯಲ್ಲಿ ಬಾಲ್ಕನ್ ಸಂಗೀತ ಹಾಕಿಟ್ಟರೆ ಬಾಗಿಲು ಮತ್ತೆ ತೆರೆಯಿತು. ದೊಡ್ಡವರಿಗೆ ಅಷ್ಟೇ ದಿನ ಕೇಳಿಸಿದರೂ ಅಷ್ಟು ಸುಲಭವಾಗಿ ಬರಲಿಲ್ಲ.

ಅಂದರೆ ಹುಟ್ಟುವಾಗ ಎಲ್ಲ ತಾಳಗಳೂ ನಮ್ಮವೇ. ಆಮೇಲೆ ಊರು ಬಂದು ಕೆಲವನ್ನು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡುತ್ತೆ. ಕುಂದಾಪುರದ ಹುಡುಗನ ಕಿವಿ ಹುಟ್ಟುವಾಗ ನನ್ನದಕ್ಕಿಂತ ಬೇರೆ ಇರಲಿಲ್ಲ. ಇದನ್ನು ಓದಿದ ದಿನ ನನಗೆ ಸ್ವಲ್ಪ ಹೊಟ್ಟೆ ಉರಿಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಈಗ ನಿಮ್ಮ ಊರಿನ ಕತೆಗೆ ಬರೋಣ. ನಿಮಗೆಲ್ಲ ಗೊತ್ತಿರುವ ಕತೆ, ಆದರೂ ಈ ಕಿವಿಗೆ ಬಿದ್ದದ್ದರ ಕಡೆಯಿಂದ ಒಂದು ಸಲ ನೋಡಿ. 1922ರಲ್ಲಿ ಇಲ್ಲೇ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು. ತಂದೆ ಮಾಸ್ತರು. ತಾಯಿ ಮನೆಯಲ್ಲಿ ಭಜನೆ ಹಾಡುತ್ತಿದ್ದರು. ಈ ಹುಡುಗನಿಗೆ ಒಂದು ಚಟ. ಬೀದಿಯಲ್ಲಿ ಭಜನೆ ಮೇಳ ಹೋದರೆ, ಬ್ಯಾಂಡು ಹೋದರೆ ಹಿಂದೆಯೇ ಹೊರಟುಬಿಡುವುದು. ನಡೆದು ನಡೆದು ಸುಸ್ತಾಗಿ ಎಲ್ಲೋ ಮಲಗಿಬಿಡುವುದು. ಮನೆಯವರು ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ತಂದೆ ಹುಡುಗನ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಅಂತ ಬರೆಸಿದರಂತೆ. ಸಿಕ್ಕವರು ಮನೆಗೆ ತಂದು ಬಿಡಲಿ ಅಂತ.

ಈ ಅಂಗಿ ನನ್ನ ತಲೆಯಿಂದ ಹೋಗುವುದೇ ಇಲ್ಲ. ಗುರುತು, ಗುರುತು ಅಂತ ನಾವು ಇಷ್ಟು ಮಾತಾಡ್ತೀವಲ್ಲ, ಅದು ಅಲ್ಲಿ ಬಟ್ಟೆಯ ಮೇಲೆ ಅಕ್ಷರದಲ್ಲೇ ಬರೆದಿತ್ತು, ಇವನು ಯಾರ ಮಗ ಅಂತ. ಅದೇ ಹೊತ್ತಿಗೆ ಆ ಅಂಗಿಯ ಒಳಗಿದ್ದವನು ಬ್ಯಾಂಡಿನ ಹಿಂದೆ ಹೋಗುತ್ತಾ ಬೇರೆ ಯಾರೋ ಆಗುತ್ತಿದ್ದ. ಆಮೇಲೆ ಒಂದು ಅಂಗಡಿಯಲ್ಲಿ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಠುಮ್ರಿಯ ರೆಕಾರ್ಡು ಕಿವಿಗೆ ಬಿತ್ತು. ಅಂಗಡಿಯವನು ಗಿರಾಕಿಗಳಿಗಾಗಿ ಹಾಕಿದ್ದು. ಹನ್ನೊಂದನೇ ವಯಸ್ಸಿಗೆ, 1933ರಲ್ಲಿ, ಗುರುವನ್ನು ಹುಡುಕಿಕೊಂಡು ಹುಡುಗ ಮನೆ ಬಿಟ್ಟ. ಊಟಕ್ಕೆ ತುಪ್ಪ ಸಾಲಲಿಲ್ಲ ಅಂತ ಮುನಿಸಿಕೊಂಡು ಹೋದ ಅಂತಲೂ ಹೇಳುತ್ತಾರೆ. ಎರಡೂ ನಿಜ ಇರಬಹುದು, ಹನ್ನೊಂದರ ವಯಸ್ಸಲ್ಲಿ ತುಪ್ಪವೂ ದೊಡ್ಡ ವಿಷಯವೇ. ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಅಂತ ಅರ್ಧ ದೇಶ ಸುತ್ತಿದ ಮೇಲೆ ಗುರು ಸಿಕ್ಕಿದ್ದು ಎಲ್ಲಿ? ಹುಬ್ಬಳ್ಳಿಯ ಪಕ್ಕದ ಕುಂದಗೋಳದಲ್ಲಿ. ಸವಾಯಿ ಗಂಧರ್ವರು, ಆ ರೆಕಾರ್ಡಿನ ಖಾನ್‌ಸಾಹೇಬರ ಶಿಷ್ಯರೇ.

ಗಂಗೂಬಾಯಿ ಹಾನಗಲ್ಲರ ಕತೆ ಇನ್ನೂ ಸೂಕ್ಷ್ಮ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಶುಕ್ರವಾರಪೇಟೆಯಲ್ಲಿ ಬೆಳೆದರು. ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತದ ಗಾಯಕಿ. ಎಷ್ಟು ಒಳ್ಳೆಯವರೆಂದರೆ ಅಬ್ದುಲ್ ಕರೀಂ ಖಾನರೇ ಕೇಳಲು ಮನೆಗೆ ಬರುತ್ತಿದ್ದರು. ಮನೆಯೊಳಗೆ ಇಷ್ಟಿದ್ದರೂ ಮಗಳ ಕಿವಿ ಬೀದಿಯ ಕಡೆಗೆ. ಎಲ್ಲೋ ಗ್ರಾಮಫೋನ್ ಸದ್ದು ಕೇಳಿದರೆ ಸಾಕು, ಓಡಿಹೋಗಿ ನಿಂತುಬಿಡುವುದು. ಹೀಗೆ ಹಿಂದೂಸ್ತಾನಿ ಅಂಟಿಕೊಂಡಿತು. ಆಗ ತಾಯಿ ಮಾಡಿದ್ದನ್ನು ನೋಡಿ. ಮಗಳ ಹಿಂದೂಸ್ತಾನಿಯಲ್ಲಿ ತನ್ನ ಕರ್ನಾಟಕ ಧಾಟಿ ಬೆರೆತುಬಿಟ್ಟೀತು ಅಂತ ಅವರು ತಮ್ಮ ಹಾಡನ್ನೇ ನಿಲ್ಲಿಸಿದರು.

ಸ್ವಲ್ಪ ಯೋಚಿಸಿ. ಆ ತಾಯಿಗೆ ಯಾವ ಪ್ರಯೋಗವೂ ಗೊತ್ತಿರಲಿಲ್ಲ. ಆದರೆ ಮಗಳಿಗೆ ತಾನು ಕಲಿಸದಿದ್ದರೂ, ಸುಮ್ನೆ ಅಡುಗೆಮನೆಯಲ್ಲಿ ಹಾಡಿಕೊಂಡರೂ ಅದು ಅವಳ ದನಿಯೊಳಗೆ ಹೋಗಿಬಿಡುತ್ತೆ ಅಂತ ಗೊತ್ತಿತ್ತು. ನಾನು ಇಷ್ಟು ಹೊತ್ತು ಹೇಳುತ್ತಿರುವುದನ್ನು ಅವರು ತಮ್ಮ ಬಾಯಿ ಕಟ್ಟಿಕೊಂಡು ತೋರಿಸಿದರು. ಇದನ್ನು ತ್ಯಾಗ ಅಂತ ಹೊಗಳಿ ಮುಂದೆ ಹೋಗುವುದು ಸುಲಭ. ನನಗೇನೋ ಅದು ಕೇಳಿದಾಗೆಲ್ಲ ಸಂಕಟ ಆಗುತ್ತೆ.

ರೇಡಿಯೊ. ನಮ್ಮ ವಯಸ್ಸಿನವರಿಗೆ ಬೀದಿಯ ಗ್ರಾಮಫೋನಿನ ಜಾಗಕ್ಕೆ ಬಂದದ್ದು ಅದೇ. ನಮ್ಮ ಕಸುಬಿನವರಿಗೆ ಒಂದು ಹೆಮ್ಮೆಯ ವಿಷಯ ಇದೆ, ಹೇಳಿಬಿಡುತ್ತೇನೆ. 1935ರಲ್ಲಿ ಮೈಸೂರಿನಲ್ಲಿ ಸ್ವಂತ ಮನೆಯಲ್ಲೇ 30 ವ್ಯಾಟಿನ ಪುಟ್ಟ ಯಂತ್ರ ಇಟ್ಟುಕೊಂಡು ರೇಡಿಯೊ ಶುರು ಮಾಡಿ ಅದಕ್ಕೆ 'ಆಕಾಶವಾಣಿ' ಅಂತ ಹೆಸರಿಟ್ಟವರು ಎಂ.ವಿ. ಗೋಪಾಲಸ್ವಾಮಿ. ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರು! ಮನಸ್ಸಿನ ಪಾಠ ಮಾಡುವವರಿಗೆ ಊರಿನವರ ಕಿವಿ ಯಾಕೆ ಬೇಕಿತ್ತು ಅಂತ ಯೋಚಿಸಿದರೆ ನನಗೆ ಖುಷಿಯಾಗುತ್ತೆ. ಆ ಹೆಸರು ಆಮೇಲೆ ಇಡೀ ದೇಶದ್ದಾಯಿತು. ಧಾರವಾಡದ ನಿಲಯ ಶುರುವಾಗಿದ್ದು 1950ರ ಜನವರಿ 8ಕ್ಕೆ. ನಮ್ಮ ಮನೆಯ ಗೂಡಿನಲ್ಲಿದ್ದ ರೇಡಿಯೊದ ಮುಳ್ಳನ್ನು ಅಪ್ಪ ಅಲ್ಲಿಂದ ಅಲುಗಾಡಿಸಲು ಬಿಡುತ್ತಿರಲಿಲ್ಲ.

ಬೆಳಿಗ್ಗೆ ಕಾರ್ಯಕ್ರಮ ಶುರುವಾಗುವ ಮೊದಲು ಒಂದು ಟ್ಯೂನ್ ಬರುತ್ತಿತ್ತಲ್ಲ, ತಂಬೂರಿಯ ಮೇಲೆ ವಯೊಲಿನ್? ಈಗ ನಿಮ್ಮಲ್ಲಿ ಅರ್ಧ ಜನರ ತಲೆಯಲ್ಲಿ ಅದು ಶುರುವಾಗಿದೆ, ಮುಖ ನೋಡಿದರೇ ಗೊತ್ತಾಗುತ್ತೆ. ನನಗೆ ಅದು ಕೇಳಿದರೆ ಮೂಗಿಗೆ ಹಸಿ ಗಂಜಿಯ ವಾಸನೆ ಬರುತ್ತೆ, ನೂಲಿಗೆ ಹಾಕುವ ಗಂಜಿ. ಆ ಟ್ಯೂನ್ ಕಟ್ಟಿದವರು ವಾಲ್ಟರ್ ಕಾಫ್‌ಮನ್. ಈಗಿನ ಚೆಕ್ ದೇಶದ ಕಾರ್ಲ್ಸ್‌ಬಾದಿನಲ್ಲಿ ಹುಟ್ಟಿದ ಯಹೂದಿ ಸಂಗೀತಗಾರ. ಹಿಟ್ಲರನ ಕಾಲದಲ್ಲಿ ಯುರೋಪು ಬಿಟ್ಟು 1934ರಲ್ಲಿ ಮುಂಬೈಗೆ ಬಂದವರು. ಇಲ್ಲಿಗೆ ಬಂದು ಎರಡು ವರ್ಷಕ್ಕೇ, ಶಿವರಂಜನಿ ರಾಗದ ಮೇಲೆ ಇದನ್ನು ಕಟ್ಟಿಕೊಟ್ಟರು. ಆಮೇಲೆ ಇಂಗ್ಲೆಂಡು, ಕೆನಡಾ, ಅಮೆರಿಕ ಅಂತ ಹೊರಟುಹೋದರು. ಬೆಟಗೇರಿಯ ಒಬ್ಬ ನೇಕಾರರ ಹುಡುಗನಿಗೆ 'ಮನೆ' ಅಂದರೆ ನೆನಪಾಗುವ ಮೊದಲ ಸದ್ದನ್ನು ಮಾಡಿಕೊಟ್ಟವನು ಮನೆ ಕಳಕೊಂಡು ಬಂದ ಒಬ್ಬ ಪರದೇಶಿ. ಆ ಹುಡುಗನಿಗೆ ಇದು ಗೊತ್ತಾಗಿದ್ದು ನಲವತ್ತು ದಾಟಿದ ಮೇಲೆ.

ಕಿವಿಯ ಸ್ವಭಾವವೇ ಹಾಗೆ. ಬಿದ್ದದ್ದರ ಕುಲಗೋತ್ರ ಕೇಳಲ್ಲ. ನಮ್ಮ ಓಣಿಯಲ್ಲಿ ಮೊಹರಂ ಬಂದರೆ ಹಲಗೆ ಬಡಿತಕ್ಕೆ ಹೆಜ್ಜೆ ಹಾಕುವವರಲ್ಲಿ ಯಾರು ಹಿಂದೂ ಯಾರು ಮುಸ್ಲಿಂ ಅಂತ ಹುಡುಗರಿಗೆ ತಿಳಿಯುತ್ತಿರಲಿಲ್ಲ. ಕತ್ತಲ ರಾತ್ರಿಗೆ ರಿವಾಯತ್ ಪದ ಹಾಡುತ್ತಿದ್ದರು, ಅಚ್ಚ ಕನ್ನಡದಲ್ಲಿ, ಕರ್ಬಲಾದ ಕತೆ. ನೀರಿಲ್ಲದೆ ಸತ್ತ ಮಕ್ಕಳ ಭಾಗ ಬಂದಾಗ ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮಾರನೆಯ ದಿನ ರಾಟಿಯ ಮುಂದೆ ಅದರದ್ದೇ ಧಾಟಿಯಲ್ಲಿ ಬಸವಣ್ಣನ ವಚನ ಗುನುಗುತ್ತಿದ್ದಳು. ಯಾವುದು ಯಾರದ್ದು ಅಂತ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ದೊಡ್ಡವನಾದ ಮೇಲೆ ಪೇಪರಿನವರು, ಭಾಷಣದವರು ಬಿಡಿಸಿ ಹೇಳಲು ನೋಡಿದರು. ಅಷ್ಟರಲ್ಲಿ ತಡವಾಗಿತ್ತು.

ಇಲ್ಲಿ ಒಂದು ನಾಚಿಕೆಯ ವಿಷಯವನ್ನೂ ಹೇಳಬೇಕು. ಹಾಸ್ಟೆಲಿಗೆ ಹೋದ ಮೊದಲ ವರ್ಷ ಇದನ್ನೆಲ್ಲ ನಾನು ಬಚ್ಚಿಟ್ಟಿದ್ದೆ. ಬೆಂಗಳೂರಿನ ಹುಡುಗರು ಇಂಗ್ಲಿಷ್ ಬ್ಯಾಂಡುಗಳ ಕ್ಯಾಸೆಟ್ ಹಂಚಿಕೊಳ್ಳುತ್ತಿದ್ದರು. ನಾನು ಬ್ಯಾಂಡಿನ ಹೆಸರು, ಗಿಟಾರಿನವನ ಹೆಸರು ಎಲ್ಲ ಪರೀಕ್ಷೆಗೆ ಓದುವ ಹಾಗೆ ಉರು ಹೊಡೆದೆ. ಒಂದು ಟೀ ಶರ್ಟೂ ಕೊಂಡೆ, ಎದೆಯ ಮೇಲೆ ದೊಡ್ಡ ಅಕ್ಷರದ್ದು. ನೋಡಿ, ನಾನೂ ಅಂಗಿಯ ಮೇಲೆ ಹೆಸರು ಬರೆಸಿಕೊಂಡೆ! ಒಂದು ಸಂಜೆ ಹಾಸ್ಟೆಲಿನ ಹಿಂದಿನ ರಸ್ತೆಯಲ್ಲಿ ಯಾವುದೋ ಮೆರವಣಿಗೆ, ಹಲಗೆ ಬಡಿಯುತ್ತಾ ಹೋಯಿತು. ನಾನು ಕಿಟಕಿಯ ಹತ್ತಿರವೂ ಹೋಗಲಿಲ್ಲ. ಪುಸ್ತಕ ಹಿಡಿದು ಕೂತಿದ್ದೆ. ಆ ಕುಂದಾಪುರದವನು ಮಂಚದ ಕೆಳಗೆ ಬಗ್ಗಿ ನೋಡಿ, "ನಿನ್ನ ಕಾಲು ಎಂತ ಮಾಡ್ತಾ ಉಂಟು?" ಅಂತ ಕೇಳಿದ. ಟೀ ಶರ್ಟು ಇನ್ನೂ ಎರಡು ವರ್ಷ ಹಾಕಿದೆ, ಬಟ್ಟೆ ಗಟ್ಟಿ ಇತ್ತು.

ಇಂಗ್ಲಿಷ್ ಹಾಡು ಕೇಳುವುದು ಸುಳ್ಳು, ಹಲಗೆ ಮಾತ್ರ ನಿಜ ಅಂತ ನಾನು ಹೇಳುತ್ತಿಲ್ಲ. ಹದಿನೆಂಟರಲ್ಲಿ ಕೇಳಿದ್ದಕ್ಕೂ ಶಕ್ತಿ ಇದೆ. ವಯಸ್ಸಾದವರನ್ನು ಹಳೆಯ ನೆನಪು ಹೇಳಿ ಅಂದರೆ, ಸುಮಾರು ಹತ್ತರಿಂದ ಮೂವತ್ತರ ಒಳಗಿನವೇ ಜಾಸ್ತಿ ಬರುತ್ತವೆ ಅನ್ನುವುದು ನಮ್ಮ ಶಾಸ್ತ್ರದಲ್ಲಿ ಹಳೆಯ ಮಾತು. ಹಾಡಿಗೂ ಅದು ಸಲ್ಲುತ್ತೆ. ಆದರೆ 2013ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್ಹಾನ್ಸ್ಲ್ ಮತ್ತು ಜಸ್ಟಿನ್ ಜುಪ್ನಿಕ್ ಒಂದು ವಿಚಿತ್ರ ಕಂಡರು. ಇಪ್ಪತ್ತರ ಆಸುಪಾಸಿನ 62 ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕು ಕೇಳಿಸಿದರು. ತಮ್ಮ ಕಾಲದ ಹಾಡುಗಳ ಜೊತೆ ನೆನಪು ಇರುವುದು ಸಹಜ. ಅದರ ಜೊತೆಗೆ, ತಂದೆತಾಯಿ ಇಪ್ಪತ್ತರ ವಯಸ್ಸಿನಲ್ಲಿದ್ದಾಗಿನ ಹಾಡುಗಳಿಗೂ ಅವರ ಮನಸ್ಸಿನಲ್ಲಿ ಒಂದು ಉಬ್ಬು ಇತ್ತು, ಅಂದರೆ ಆಚೀಚೆಯ ವರ್ಷಗಳ ಹಾಡಿಗಿಂತ ಅವುಗಳ ಜೊತೆ ನೆನಪು ಜಾಸ್ತಿ. ಈ ಮಕ್ಕಳು ಹುಟ್ಟುವ ಮೊದಲಿನ ಹಾಡುಗಳು! 1960ರ ದಶಕದ ಹಾಡುಗಳಿಗೆ ಇನ್ನೊಂದು ಉಬ್ಬು. ಕಾರಣ ದೊಡ್ಡದೇನಲ್ಲ. ಅಪ್ಪ ಅಮ್ಮ ಮನೆಯಲ್ಲಿ, ಕಾರಿನಲ್ಲಿ ತಮಗೆ ಬೇಕಾದ ಹಾಡು ಹಾಕಿಕೊಂಡರು, ಹಿಂದಿನ ಸೀಟಿನಲ್ಲಿದ್ದ ಮಕ್ಕಳ ಕಿವಿಗೆ ಬಿತ್ತು.

ಇದನ್ನು ಓದಿದ ಮೇಲೆ ನಮ್ಮ ಮನೆಯ ಕಡೆ ನೋಡಿದೆ. ನನ್ನ ಕಿವಿಯಲ್ಲಿ ಇಯರ್‌ಫೋನು. ಹೆಂಡತಿಯ ಕಿವಿಯಲ್ಲಿ ಇನ್ನೊಂದು. ಮಗಳಿಗೆ ಹದಿನಾರು, ಅವಳದ್ದು ದೊಡ್ಡದು, ಕಿವಿ ಪೂರ್ತಿ ಮುಚ್ಚುವಂಥದ್ದು. ಮೂರು ಜನ ಮೂರು ಹಾಡು ಕೇಳುತ್ತಾ ಒಂದೇ ಸೋಫಾದಲ್ಲಿ ಕೂತಿರುತ್ತೇವೆ. ನಾನು ಅವಳ ಬಾಲ್ಯದುದ್ದಕ್ಕೂ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳಿದ್ದೇನೆ, ಅವಳಿಗೆ ಒಂದು ಸ್ವರವೂ ಬಿದ್ದಿಲ್ಲ. ಅವಳಿಗೆ ತೊಂದರೆ ಆಗದಿರಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ನಮ್ಮ ಅಪ್ಪ ರೇಡಿಯೊ ಹಾಕುವಾಗ ಯಾರ ತೊಂದರೆಯನ್ನೂ ಕೇಳಿರಲಿಲ್ಲ.

ಹಾಗಾದರೆ ಇವಳ ಕಿವಿಗೆ ಏನು ಬಿದ್ದಿದೆ? ಒಮ್ಮೆ ಸುಮ್ನೆ ಕೇಳಿದೆ, ಚಿಕ್ಕವಳಿದ್ದಾಗಿನ ಹಾಡು ಅಂದರೆ ಯಾವುದು ನೆನಪಾಗುತ್ತೆ ಅಂತ. ಸಂಗೀತ ಕ್ಲಾಸಿಗೆ ನಾಲ್ಕು ವರ್ಷ ಕಳಿಸಿದ್ದೆವು, ಅಲ್ಲಿನ ಗೀತೆ ಯಾವುದಾದರೂ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಒಂದು ಕ್ಷಣವೂ ಯೋಚಿಸದೆ "ಕಸದ ಗಾಡಿ ಹಾಡು" ಅಂದಳು. ಬೆಳಿಗ್ಗೆ ನಮ್ಮ ಬೀದಿಗೆ ಬರುವ ಕಸದ ಆಟೋದ ಸ್ಪೀಕರಿನಲ್ಲಿ ಹಾಕುತ್ತಾರಲ್ಲ, ಅದು. ಪೂರ್ತಿ ಹಾಡಿಯೂ ತೋರಿಸಿದಳು, ಸ್ಪೀಕರ್ ಕೊರಕೊರ ಅನ್ನುವ ಜಾಗ ಸಮೇತ. ಆ ಹಾಡು ಕೇಳಿದರೆ ಯೂನಿಫಾರ್ಮು, ಎಣ್ಣೆ ಹಾಕಿದ ಜಡೆ, ಡಬ್ಬಿಯ ಚಿತ್ರಾನ್ನ ಎಲ್ಲ ನೆನಪಾಗುತ್ತೆ ಅಂದಳು. ಮುಂದೆ ಇವಳು ಬರ್ಲಿನ್ನಿಗೋ ಟೊರಾಂಟೋಗೋ ಹೋದರೆ, ಚಳಿಯಲ್ಲಿ ಒಬ್ಬಳೇ ಕೂತು ಅಳುವುದು ಈ ಹಾಡಿಗೇ. ನನಗೆ ಮೊದಲು ಸ್ವಲ್ಪ ಅವಮಾನ ಆಯಿತು. ಆಮೇಲೆ ಮಗ್ಗಕ್ಕೂ ಕಸದ ಗಾಡಿಗೂ ಅಂಥ ವ್ಯತ್ಯಾಸ ಏನು ಅನ್ನಿಸಿತು, ಎರಡೂ ಕೆಲಸದ ಸದ್ದೇ ತಾನೆ. ಮನ್ಸೂರರನ್ನು ಈಗ ಸ್ಪೀಕರಿನಲ್ಲೇ ಹಾಕುತ್ತೇನೆ. "ಅಪ್ಪಾ, ಸೌಂಡು" ಅಂತ ಕೋಣೆಯಿಂದ ಕೂಗುತ್ತಾಳೆ. ಸ್ವಲ್ಪ ಕಡಿಮೆ ಮಾಡುತ್ತೇನೆ, ಪೂರ್ತಿ ಮಾಡಲ್ಲ.

ನನ್ನ ಮಾತು ಇಷ್ಟಕ್ಕೆ ಮುಗಿದಿತ್ತು. ಆಮೇಲೆ ಪ್ರಶ್ನೆ ಕೇಳಿ ಅಂದರು. ಒಬ್ಬ ಹುಡುಗ ಕೇಳಿದ, ಸರ್, ದೊಡ್ಡವರಾದ ಮೇಲೆ ಹೊಸ ಸಂಗೀತ ಒಳಗೆ ಇಳಿಯೋದೇ ಇಲ್ಲವಾ ಅಂತ. ಇಳಿಯುತ್ತೆ, ನಾನು ಏಳರ ತಾಳ ಕಲಿತೆ, ಎಣಿಸಿ ಎಣಿಸಿ, ಮೂವತ್ತು ವರ್ಷಕ್ಕೆ ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದರು. ಅರವತ್ತರ ಹತ್ತಿರದವರು. "ಸರ್ರ, ನಮ್ಮ ಮನ್ಯಾಗ ರೇಡಿಯೊ ಇರಲಿಲ್ರಿ. ಹಾಡಿದ್ರ ಅಪ್ಪ ಬೈತಿದ್ದ. ನಮ್ಮವ್ವ ಗುನುಗಿದ್ದೂ ನಾ ಕೇಳಿಲ್ಲ. ಹಂಗಾರ ನನಗ ಏನೂ ಬಿದ್ದಿಲ್ಲೇನ್ರಿ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಏನಾದರೂ ಇದ್ದೇ ಇರುತ್ತೆ ಯೋಚನೆ ಮಾಡಿ ನೋಡ್ರಿ ಅಂತ ಹಾರಿಕೆಯ ಮಾತು ಆಡಿದೆ. ಅವರು ಸ್ವಲ್ಪ ಹೊತ್ತು ನಿಂತೇ ಇದ್ದರು. ಆಮೇಲೆ ಮುಂದಿದ್ದ ಮೇಜಿನ ಮೇಲೆ ಬಲ ಅಂಗೈಯಿಂದ ಬಡಿಯಲು ಶುರು ಮಾಡಿದರು. ತಪ ತಪ ತಪ ತಪ, ಒಂದು ಸಣ್ಣ ತಡೆ, ಕೈ ಸ್ವಲ್ಪ ತಿರುಗಿಸಿ ಮತ್ತೆ ತಪ ತಪ ತಪ ತಪ. "ಇದು, ನಸಿಕಿನ್ಯಾಗ" ಅಂದರು.

ರೊಟ್ಟಿ ಬಡಿಯುವ ಸದ್ದು ಅಂತ ಯಾರಿಗೂ ಹೇಳಬೇಕಾಗಲಿಲ್ಲ. ಇಡೀ ಕೋಣೆ ಸುಮ್ಮನಾಯಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದ ಅಜ್ಜನೊಬ್ಬ, ತಲೆ ಅಲ್ಲಾಡಿಸುತ್ತಾ, "ಜ್ವಾಳದ ರೊಟ್ಟಿ ಐತಿ ಬಿಡವಾ. ಸಜ್ಜಿದಿದ್ರ ಇಷ್ಟ್ ಜಲ್ದಿ ಬೀಳಂಗಿಲ್ಲ ಕೈ" ಅಂದ.